ಜೇನಿಟ್ಟಿಗೆಯ ಕಣ್ಣು

ಗುರುಬಸವ್ವನ ಕುಂಬಳಬಳ್ಳಿಯಲ್ಲಿ ಆ ಸಲ ಇಪ್ಪತ್ಮೂರು ಹೀಚು ಕಂಡವು, ಇಪ್ಪತ್ಮೂರೂ ಉದುರಿದವು. ಗೋಲಿಯಷ್ಟು ದಪ್ಪವಾಗುವುದರೊಳಗೆ ಹಳದಿಗೆ ತಿರುಗಿ, ತೊಟ್ಟು ಸಡಿಲಿ, ಬೆಳಗಾಗುವ ಹೊತ್ತಿಗೆ ಮಾಳಿಗೆಯ ಮೇಲೆ ಬಿದ್ದಿರುತ್ತಿದ್ದವು. ಕೊನೆಯದನ್ನು ಮುದುಕಿ ತಂದು ಸೊಸೆಯ ಊಟದ ತಟ್ಟೆಯ ಪಕ್ಕದಲ್ಲಿಟ್ಟಳು. ಮಾತೇನೂ ಆಡಲಿಲ್ಲ. ಆಡದಿದ್ದರೂ ನೀಲಾಂಬಿಕಾಗೆ ಚೆನ್ನಾಗಿಯೇ ಕೇಳಿಸಿತು. ಯಾಕೆಂದರೆ ಅದೇ ಗಳಿಗೆಯಲ್ಲಿ ಅವಳ ಫೋನು ಟಿಣ್ ಎಂದು, ತುಂಬೆ ಕಾಲೊನಿ, ಮನೆ ನಂಬರ್ ಹದಿನಾರು, ಜೇನುಗೋಡೆ ಪೂರ್ತಿ ಭರ್ತಿ, ಅಭಿನಂದನೆಗಳು ಎಂದು ಸಾರಿತ್ತು.

ಆ ಜೇನುಗೋಡೆ ನೀಲಾಳದೇ ಕೂಸು. ಹುಬ್ಬಳ್ಳಿಯಲ್ಲಿ ಪ್ರತಿ ಮನೆಯೂ ತನ್ನ ತರಕಾರಿಯನ್ನು ಮಾಳಿಗೆಯ ಮೇಲೆ ತಾನೇ ಬೆಳೆದುಕೊಳ್ಳಬೇಕೆಂಬ ಕಾಯಿದೆ ಬಂದಾಗ ಊರೆಲ್ಲ ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕಾಯಿ ಮಾತ್ರ ನಿಲ್ಲಲಿಲ್ಲ. ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಮುಟ್ಟಿಸುವ ಹುಳಗಳೇ ಇರಲಿಲ್ಲ. ಗಾಜು ಕಾಂಕ್ರೀಟುಗಳ ಊರಿನಲ್ಲಿ ಅವು ಮೊಟ್ಟೆಯಿಡುವುದಾದರೂ ಎಲ್ಲಿ? ಆಗ ಮನೆಗಳ ನಕ್ಷೆ ಬರೆದುಕೊಂಡಿದ್ದ ನೀಲಾ ಒಂದು ಇಟ್ಟಿಗೆ ಮಾಡಿದಳು. ಸುಟ್ಟ ಮಣ್ಣಿನದು, ಮುಖದ ಮೇಲೆ ಹನ್ನೆರಡು ತೂತು, ಒಂದೊಂದೂ ಪೆನ್ಸಿಲ್ಲು ಹಿಡಿಸುವಷ್ಟು. ಹಿಂಡು ಕಟ್ಟದ, ಯಾರನ್ನೂ ಅಟ್ಟಿಸಿಕೊಂಡು ಬಂದು ಕಚ್ಚದ ಒಂಟಿಜೇನುಗಳಿಗೆ ಅಂಥ ತೂತೇ ಬೇಕು. ತಾಯಿ ಒಳಗೆ ಹೂಪುಡಿಯ ಉಂಡೆ ಕಟ್ಟಿ, ಅದರ ಮೇಲೊಂದು ಮೊಟ್ಟೆಯಿಟ್ಟು, ಬಾಯಿಗೆ ಹಸಿಮಣ್ಣು ಮೆತ್ತಿ ಹೋಗುತ್ತದೆ. ಆರೇಳು ವಾರಕ್ಕೆ ಮರಿ ಆ ಮಣ್ಣನ್ನು ಕೊರೆದು ಹೊರಬರುತ್ತದೆ. ಮನೆಗೆ ಹನ್ನೆರಡು ಇಟ್ಟಿಗೆ, ಮೂಡಣ ಗೋಡೆಯಲ್ಲಿ, ಎಂದು ಸರಕಾರ ಆಜ್ಞೆ ಮಾಡಿತು. ನೋಡಿಕೊಳ್ಳಲು ಪರಾಗ ಮಂಡಳಿ ಎಂಬುದೊಂದು ಹುಟ್ಟಿತು.

ಮಂಡಳಿ ಹುಟ್ಟಿದ ಮೇಲೆ ಅದಕ್ಕೆ ಅಂಕಿ ಬೇಕಲ್ಲ. ಪ್ರತಿ ತೂತಿನ ತಳಕ್ಕೂ ರಾಗಿಕಾಳಿನಷ್ಟು ದೊಡ್ಡ ಒಂದು ಕಣ್ಣು ಕೂರಿಸಿದರು. ಆ ಕಣ್ಣಿಗೆ ಗೊತ್ತಿರುವುದು ಬೆಳಕು, ಕತ್ತಲೆ ಎರಡೇ. ಮೂರು ದಿನ ಎಡೆಬಿಡದೆ ಕತ್ತಲಾಗಿದ್ದರೆ 'ಮನೆ ತುಂಬಿತು' ಎಂದು ನಿಯಂತ್ರಣ ಕೊಠಡಿಗೆ ಸುದ್ದಿ ಕಳಿಸುತ್ತದೆ. ಆಮೇಲೆ ಬೆಳಕು ಬಿದ್ದರೆ 'ಮರಿ ಹಾರಿತು' ಎನ್ನುತ್ತದೆ. ನೀಲಾ ಕೇಳಿದ್ದು ಕಣ್ಣಲ್ಲ, ಕಿವಿ; ರೆಕ್ಕೆಯ ಸದ್ದು ಕೇಳಿಸಿಕೊಳ್ಳುವಂಥದ್ದು. ಕಿವಿಗೆ ವಿದ್ಯುತ್ತು ಜಾಸ್ತಿ ಬೇಕು, ಕಣ್ಣೇ ಸಾಕು ಎಂದರು ಸಭೆಯಲ್ಲಿ. ಹಟ ಹಿಡಿದರೆ ಇಟ್ಟಿಗೆಯ ಯೋಜನೆಯೇ ಬಿದ್ದುಹೋದೀತೆಂದು ಅವಳು ಹೂಂ ಎಂದಳು. ಕತ್ತಲೆ ಬೆಳಕಿನ ಆ ನಿಯಮವನ್ನು ಚಹಾ ಆರುವುದರೊಳಗೆ ತನ್ನ ಕೈಯಾರೆ ಬರೆದೂ ಕೊಟ್ಟಳು. ಜನರು ಗೋಡೆಯನ್ನು ಅಸಡ್ಡೆ ಮಾಡಬಾರದೆಂದು ಮಂಡಳಿ ನೀರಿನ ಆಸೆ ಹಚ್ಚಿತು. ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ಊರು ಅದು. ಗೋಡೆ ತುಂಬಿದ ಮನೆಗೆ ನಾಲ್ಕು ದಿನಕ್ಕೊಮ್ಮೆ, ಮರಿ ಹಾರಿದ ಮನೆಗೆ ಅದಕ್ಕೂ ಬೇಗ ಎಂದರು. ಹುಬ್ಬಳ್ಳಿಯವರಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ?

ಊಟ ಅರ್ಧಕ್ಕೆ ಬಿಟ್ಟು ನೀಲಾ ಹಿತ್ತಲಿಗೆ ಹೋಗಿ ಗೋಡೆಯ ಮುಂದೆ ನಿಂತಳು. ಎಷ್ಟೋ ತಿಂಗಳಾಗಿತ್ತು ಅವಳು ಅದನ್ನು ಹತ್ತಿರದಿಂದ ನೋಡಿ. ಫೋನು ದಿನಾ ಹೇಳುತ್ತಿರುವಾಗ ನೋಡುವುದೇನು ಎಂಬ ಭಂಡ ಧೈರ್ಯ. ಗೋಡೆ ನುಣ್ಣಗೆ, ಬೆಳ್ಳಗೆ, ಚೆಂದಾಗಿತ್ತು. ತೂತುಗಳಿದ್ದ ಕಡೆ ತೂತುಗಳೇ ಕಾಣಲಿಲ್ಲ. ದಬ್ಬಣ ತಂದು ಒಂದು ಕಡೆ ಕೆರೆದರೆ ಬಂದದ್ದು ಮಣ್ಣಲ್ಲ, ಪುಟ್ಟಿ. ಗೋಡೆಗೆ ಬಣ್ಣ ಹೊಡೆಯುವ ಮೊದಲು ಹೊಂಡ, ಬಿರುಕು ತುಂಬುತ್ತಾರಲ್ಲ, ಅದೇ ಬಿಳಿ ಪುಟ್ಟಿ.

ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಿದ್ದು ಅವಳ ಅತ್ತೆ. ಹೊಡೆದವನು ದಾವಲಸಾಬ. ಇಪ್ಪತ್ತು ವರ್ಷದಿಂದ ಆ ಓಣಿಯ ಮನೆಗಳಿಗೆಲ್ಲ ಅವನೇ ಪೇಂಟರು. ಫೋನು ಮಾಡಿ ಕೇಳಿದರೆ ಅವನು ಮುಚ್ಚುಮರೆಯಿಲ್ಲದೆ ಹೇಳಿದ.

"ತೂತ ಇಟ್ಟು ಬಣ್ಣ ಹೊಡದ್ರ ಯಾರರ ಪೇಂಟರ್ ಅಂತಾರೇನ್ರೀ ಅಕ್ಕಾರ? ನಿಮ್ದೊಂದs ಅಲ್ಲ, ಎಲ್ಲಾರ ಮನೀದೂ ಹಿಂಗs ಮಾಡೇನಿ. ಪುಟ್ಟಿ ತುಂಬಿದ್ ಮ್ಯಾಲೆ ನೀರೂ ಲಗೂನ ಬರಾಕತ್ತದಂತ ಮಂದಿ ನನ್ನ ಹೊಗಳ್ತಾರ."

ಹಬ್ಬಕ್ಕೆ ಮನೆ ಬೆಳ್ಳಗಾಗಬೇಕು, ಗೋಡೆಯಲ್ಲಿ ಹೊಂಡವಿರಬಾರದು. ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಇಟ್ಟಿಗೆ ಮಾಡುವಾಗ ಮಳೆ, ಬಿಸಿಲು, ಇರುವೆ, ಹಲ್ಲಿ ಎಲ್ಲವನ್ನೂ ಯೋಚಿಸಿದ್ದ ನೀಲಾ ದೀಪಾವಳಿಯನ್ನು ಯೋಚಿಸಿರಲಿಲ್ಲ. ತನ್ನ ಮೇಲೆ ತನಗೇ ಎಷ್ಟು ಸಿಟ್ಟು ಬಂತೆಂದರೆ ದಬ್ಬಣವನ್ನು ನೆಲಕ್ಕೆ ಬಿಸಾಕಿದಳು.

ಪರಾಗ ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ಗೋಡೆ ತುಂಬ ಹುಬ್ಬಳ್ಳಿಯ ನಕ್ಷೆ ಹರಡಿತ್ತು. ತುಂಬಿದ ಮನೆಗೊಂದು ಹಳದಿ ಚುಕ್ಕೆ. ಊರು ಸೇವಂತಿಗೆಯ ತೋಟದ ಹಾಗೆ ಹೊಳೆಯುತ್ತಿತ್ತು. ನಿರ್ದೇಶಕ ವಾದಿರಾಜ ಗಲಗಲಿ ಕೆಟ್ಟ ಮನುಷ್ಯನಲ್ಲ. ಕುರ್ಚಿ ತೋರಿಸಿದ, ಚಹಾ ತರಿಸಿದ, ಅವಳು ಹೇಳಿದ್ದನ್ನೆಲ್ಲ ತಲೆದೂಗುತ್ತ ಕೇಳಿದ. ಮರಿ ಹೊರಬರಲು ಏಳು ವಾರ ಸಾಕು, ಈ ಮನೆಗಳು ಹದಿನೈದು ವಾರದಿಂದ ಕತ್ತಲಾಗಿವೆ, ಒಂದಾದರೂ ಮರಿ ಹಾರಿದ ಸುದ್ದಿ ಇದೆಯೇ ಎಂದು ಅವಳು ಕೇಳಿದಳು. ಚಳಿಗೆ ಮಲಗಿರಬಹುದು ಎಂದ. ಹುಬ್ಬಳ್ಳಿಯಲ್ಲಿ ಯಾವ ಚಳಿ ಎಂದಳು. ಆತ ಮೇಜಿನ ಮೇಲಿದ್ದ ಇನ್ನೊಂದು ನಕ್ಷೆಯನ್ನು ಅವಳತ್ತ ತಿರುಗಿಸಿದ. ಮಂಡಳಿಯ ಹೊಸ ಕಟ್ಟಡ, ಪರಾಗ ಭವನ. ಹತ್ತು ಸಾವಿರ ಜೇನಿಟ್ಟಿಗೆಗಳದು. ಕಟ್ಟುವ ಜಾಗ ಹಳೇ ಜಿನ್ನು.

ನೀಲಾಳ ಕೈಯಲ್ಲಿ ಚಹಾ ಹಾಗೇ ಉಳಿಯಿತು.

ಹಳೇ ಜಿನ್ನು ಎಂದರೆ ಹಿಂದೆ ಹತ್ತಿಯ ಬೀಜ ಬಿಡಿಸುತ್ತಿದ್ದ ಕಾರ್ಖಾನೆ. ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಹಿಂಬದಿಗೆ ಮಣ್ಣಿನ ಗೋಡೆಯೊಂದಿದೆ, ಎರಡಾಳೆತ್ತರ, ನೂರು ಹೆಜ್ಜೆ ಉದ್ದ. ಯಾರೂ ಸುಣ್ಣ ಬಳಿಯದ, ಯಾರೂ ರಿಪೇರಿ ಮಾಡದ ಗೋಡೆ. ಇಟ್ಟಿಗೆಯ ತೂತು ಎಷ್ಟು ದಪ್ಪವಿರಬೇಕೆಂದು ನೀಲಾ ಕಲಿತದ್ದೇ ಅಲ್ಲಿ, ಅದರ ಮುಂದೆ ಮೊಳಕಾಲೂರಿ ಕುಳಿತು. ಮಂಡಳಿಯಿಂದ ನೇರವಾಗಿ ಅಲ್ಲಿಗೇ ಹೋದಳು. ಬಿಸಿಲಿಗೆ ಗೋಡೆ ಬೆಚ್ಚಗಾಗಿತ್ತು. ಅದರ ಮೈತುಂಬ ತೂತು, ತೂತಿನೊಳಗೆ ಹೋಗುವ ಬರುವ ಸಣ್ಣ ಹುಳಗಳು, ಕಾಲಿಗೆಲ್ಲ ಹಳದಿ ಪುಡಿ. ಅವಳು ಗೋಡೆಗೆ ಕಿವಿಯಿಟ್ಟಳು. ಇಡೀ ಊರಿನಲ್ಲಿ ಉಳಿದಿದ್ದ ಜೇನೆಲ್ಲ ಇದೊಂದು ಗೋಡೆಯಲ್ಲಿತ್ತು. ಇನ್ನು ಹದಿನೆಂಟು ದಿನಕ್ಕೆ ಇದನ್ನು ಕೆಡವುತ್ತಾರೆ, ಜೇನಿಗೊಂದು ಭವನ ಕಟ್ಟಲು.

ಮರುದಿನ ಮತ್ತೆ ಮಂಡಳಿಗೆ ಹೋದಳು. ಅದರ ಮರುದಿನವೂ ಹೋದಳು. ಮೂರನೆಯ ಸಲ ಗಲಗಲಿ ಬಾಗಿಲು ಮುಚ್ಚಿ ಕುಳಿತು, ಮೊದಲ ಬಾರಿಗೆ ಮನಸ್ಸು ಬಿಚ್ಚಿ ಮಾತಾಡಿದ.

"ಮೇಡಮ್, ನೀವು ಹೇಳೋದು ಖರೇ ಅಂತ ಇಟ್ಕೊಳ್ರಿ. ಇವತ್ತ ನಾ ಅಂಕಿ ತಪ್ಪು ಅಂತ ಬರದ್ರ, ನಾಳೆ ಮೂವತ್ತು ಸಾವಿರ ಮನೀಗೆ ನೀರು ಎಂಟು ದಿನಕ್ಕೊಮ್ಮೆ ಆಗ್ತದ. ಅವರ ಮುಂದ ನಿಂತು ನೀವು ಹೇಳ್ತೀರೇನು? ಜಿನ್ನಿನ ಗ್ವಾಡಿ ಉಳೀಬೇಕಂದ್ರ ಅಂಕಿ ಬೀಳಬೇಕು. ಬೀಳ್ಲಿ, ನಾನೂ ನಿಲ್ಲಸ್ತೇನಿ. ಆದ್ರ ಅಂಕಿ ಬೀಳವಲ್ದಲ್ರೀ."

ಅಂಕಿ ಬೀಳಬೇಕು, ಅಷ್ಟೇ ತಾನೆ? ನೀಲಾ ಮನೆಗೆ ಬಂದವಳೇ ಸೀರೆ ಎತ್ತಿಕಟ್ಟಿ, ದಬ್ಬಣ ಹಿಡಿದು, ಗೋಡೆಯ ಮುಂದೆ ಸ್ಟೂಲು ಹಾಕಿ ನಿಂತಳು. ನೂರ ನಲವತ್ನಾಲ್ಕು ತೂತು. ಪುಟ್ಟಿ ಕಲ್ಲಾಗಿತ್ತು. ಹನ್ನೊಂದು ತೂತುಗಳಲ್ಲಿ ಪುಟ್ಟಿಯ ಹಿಂದೆ ನಿಜವಾದ ಮಣ್ಣಿತ್ತು, ಮಣ್ಣಿನ ಹಿಂದೆ ಒಣಗಿದ ಮರಿಗಳಿದ್ದವು, ಹೊರಬರಲು ಕೊರೆದು ಕೊರೆದು ಅಲ್ಲೇ ಸತ್ತವು. ಅವನ್ನು ಒಂದು ಕಾಗದದ ಮೇಲಿಟ್ಟಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಗೋಡೆಯ ತೂತುಗಳೆಲ್ಲ ಬಾಯಿ ಬಿಟ್ಟಿದ್ದವು. ತನ್ನ ಮನೆಯ ಅಂಕಿ ಸೊನ್ನೆಗೆ ಬೀಳುವುದನ್ನು ನೋಡಲು ಅವಳು ಫೋನು ಹಿಡಿದು ಮೆಟ್ಟಿಲ ಮೇಲೆ ಕುಳಿತಳು.

ಫೋನು ಟಿಣ್ ಎಂದಿತು. ನೂರ ನಲವತ್ನಾಲ್ಕು ಮರಿಗಳು ಹಾರಿವೆ. ಹುಬ್ಬಳ್ಳಿಯಲ್ಲೇ ಇದು ದಾಖಲೆ. ನಿಮ್ಮ ಮುಂದಿನ ನೀರು ನಾಳೆ.

ಕತ್ತಲೆಯಾದ ಮೇಲೆ ಬೆಳಕು ಬಿದ್ದರೆ ಮರಿ ಹಾರಿತು. ನಿಯಮ ಅವಳದೇ. ನೀಲಾಗೆ ನಗು ಬಂತು, ಅದು ನಗುವಾಗಿ ಉಳಿಯಲಿಲ್ಲ. ಗೋಡೆ ಮುಚ್ಚಿದರೂ ಮಂಡಳಿಗೆ ಗೆಲುವು, ತೆರೆದರೂ ಗೆಲುವು. ತಾನು ಮಾಡಿದ ಯಂತ್ರ ತನ್ನ ಮಾತನ್ನೇ ಕೇಳುತ್ತಿಲ್ಲ ಎನ್ನುವುದಕ್ಕಿಂತ, ತಾನು ಹೇಳಿದ್ದನ್ನೇ ಅದು ಚಾಚೂ ತಪ್ಪದೆ ಮಾಡುತ್ತಿದೆ ಎಂಬುದೇ ಹೆಚ್ಚು ಉರಿಯಿತು.

ಸಂಜೆಯೊಳಗೆ ಕಾಲೊನಿಯ ಸೆಕ್ರೆಟರಿ ಶಂಕ್ರಪ್ಪ ಬೆಟಗೇರಿ ಬಾಗಿಲಿಗೆ ಬಂದ. ನಿಮ್ಮ ಮನೆಗೆ ನಾಳೆಯೇ ನೀರಂತೆ, ಏನು ಮಾಡಿದಿರಿ ಎಂದು ಕೇಳಿದ. ನಿಜ ಹೇಳಲು ನೀಲಾ ಬಾಯಿ ತೆರೆದವಳು ಹಾಗೇ ನಿಂತಳು. ಮೂರು ದಿನ ನಿಜ ಹೇಳಿ ಆಗಿದ್ದೇನು? ಈ ಮನುಷ್ಯನಿಗೆ ಜೇನು ಸತ್ತಿವೆ ಎಂದರೆ ಅಯ್ಯೋ ಪಾಪ ಎಂದು ಹೋಗುತ್ತಾನೆ. ನೀರು ಬರುತ್ತದೆ ಎಂದರೆ ನಾಳೆಯೊಳಗೆ ಊರ ತೂತೆಲ್ಲ ತೆರೆಯುತ್ತಾನೆ. ತೆರೆದರೆ, ಜಿನ್ನಿನ ಗೋಡೆ ಬೀಳುವ ಮೊದಲು ಅಲ್ಲಿನ ಒಂದಷ್ಟು ತಾಯಿಜೇನುಗಳು ಹೊಸ ಮನೆ ಹುಡುಕಿಕೊಂಡು ಬಂದಾವು. ಹದಿನೈದು ದಿನ ಇದ್ದವು.

"ತೂತು ಮುಚ್ಚಿದ್ದು ಕಂಡ್ರ ದಬ್ಬಣ ತಗೊಂಡು ತೆಗೀಬೇಕ್ರಿ," ಎಂದಳು. "ತೆಗದಷ್ಟು ನೀರು ಲಗೂನ ಬರ್ತದ."

ಅಷ್ಟು ವರ್ಷದ ಕೆಲಸದಲ್ಲಿ ಅವಳು ಜನರಿಗೆ ಬೇಕೆಂದೇ ಅರ್ಧ ಮಾತು ಹೇಳಿದ್ದು ಅದೇ ಮೊದಲು. ಅತ್ತೆಗೂ ಅಷ್ಟೇ ಹೇಳಿದಳು. ಮುದುಕಿ ಹಿಂದಿನದನ್ನೆಲ್ಲ ಕೇಳುವವಳಲ್ಲ, ಹಾಗಾದರೆ ಸರಿ ಎಂದು ದಬ್ಬಣವನ್ನು ಜೋಪಾನವಾಗಿ ಒಳಗೆ ಗೋಡೆಯ ಮಾಡದಲ್ಲಿ ಎತ್ತಿಟ್ಟಳು.

ನಾಲ್ಕು ದಿನದಲ್ಲಿ ಸುದ್ದಿ ಕೇಶ್ವಾಪುರ ದಾಟಿ ಉಣಕಲ್ಲಿನವರೆಗೆ ಹೋಯಿತು. ಊರಿನ ತುಂಬ ಕೆರೆಯುವ ಸದ್ದು. ಹೆಂಗಸರು ಸ್ಟೂಲು ಹತ್ತಿದರು, ಗಂಡಸರು ಡ್ರಿಲ್ಲಿಂಗ್ ಮಷೀನು ತಂದರು. ಪುಟ್ಟಿಯ ಬಿಳಿ ಪುಡಿ ಓಣಿಗಳಲ್ಲಿ ರಂಗೋಲಿಯ ಹಾಗೆ ಬಿದ್ದಿತ್ತು. ಮಂಡಳಿಯ ಅಂಕಿ ನೂರನ್ನು ದಾಟಿ ನೂರ ಮೂವತ್ತೊಂದಕ್ಕೆ ಹೋಯಿತು. ನೂರಕ್ಕೆ ನೂರ ಮೂವತ್ತೊಂದು ಹೇಗಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಗಲಗಲಿ ತಾನೇ ಫೋನು ಮಾಡಿ, ಪರಾಗ ಭವನದ ಭೂಮಿಪೂಜೆಯ ದಿನ ಜೇನಿಟ್ಟಿಗೆ ಮಾಡಿದವರಿಗೆ ಸನ್ಮಾನವೆಂದು ತಿಳಿಸಿದ. ನೀಲಾ ಒಪ್ಪಿಕೊಂಡಳು. ಮೈಕು ಕೈಗೆ ಸಿಕ್ಕರೆ ಎಲ್ಲರೆದುರು ಹೇಳಿಬಿಡಬಹುದು, ಜಿನ್ನಿನ ಗೋಡೆಯನ್ನಾದರೂ ಬಿಡಿ ಎಂದು ಕೇಳಬಹುದು.

ಅಷ್ಟರವರೆಗೆ ದಿನಾ ಬೆಳಿಗ್ಗೆ ತನ್ನ ಗೋಡೆಯನ್ನು ನೋಡಿದಳು. ತೆರೆದ ತೂತುಗಳು ಖಾಲಿಯೇ ಇದ್ದವು. ಒಂದು ವಾರ ನೋಡಿ, ಹತ್ತು ದಿನ ನೋಡಿ, ಬೇಸತ್ತು ನೋಡುವುದನ್ನೇ ಬಿಟ್ಟಳು.

ಭೂಮಿಪೂಜೆಯ ಬೆಳಿಗ್ಗೆ ಮಂಡಳಿಯ ಕಾರು ಬಾಗಿಲಿಗೆ ಬಂದು ನಿಂತಾಗ ಫೋನು ಟಿಣ್ ಎಂದಿತು. ನಿಮ್ಮ ಗೋಡೆಯಲ್ಲಿ ಏಳು ಮನೆ ತುಂಬಿವೆ. ನೀಲಾ ನಂಬಲಿಲ್ಲ. ಅತ್ತೆಯೇನಾದರೂ ಪುಟ್ಟಿ ಹಾಕಿಸಿದಳೋ ಎಂದು ಸಿಟ್ಟಿನಿಂದಲೇ ಹಿತ್ತಲಿಗೆ ಹೋದಳು. ಕೆಳಗಿನಿಂದ ಮೂರನೆಯ ಸಾಲಿನಲ್ಲಿ, ಒತ್ತೊತ್ತಾಗಿ, ಏಳು ತೂತು ಮುಚ್ಚಿದ್ದವು. ಕರಿಮಣ್ಣು, ಎರೆಹೊಲದ ಮಣ್ಣು. ಬೆರಳಲ್ಲಿ ಮೆಲ್ಲಗೆ ಸವರಿದಳು. ಮೇಲ್ಮೈ ಒರಟೊರಟು, ಸಣ್ಣ ಸಣ್ಣ ಉಂಡೆಗಳನ್ನು ಒಂದಕ್ಕೊಂದು ಅಂಟಿಸಿದ ಗುರುತು. ಪಕ್ಕದ ಎಂಟನೆಯ ತೂತಿನಿಂದ ಒಂದು ಹುಳ ತಲೆ ಹೊರಗೆ ಹಾಕಿ, ಇವಳ ನೆರಳು ಕಂಡು ಒಳಗೆ ಸರಿಯಿತು. ಕಾರಿನವನು ಹಾರ್ನ್ ಹೊಡೆಯುತ್ತಿದ್ದ. ಗುರುಬಸವ್ವ ಜಳಕಕ್ಕೆ ಹೋಗಿದ್ದಳು. ನೀಲಾ ಕಣ್ಣೊರೆಸಿಕೊಂಡು ಕಾರು ಹತ್ತಿದಳು. ಬಂದ ಮೇಲೆ ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಬೇಕು ಎಂದುಕೊಂಡಳು. ಅಷ್ಟು ಖುಷಿ ಅವಳಿಗೆ ಆ ವರ್ಷದಲ್ಲಿ ಆಗಿರಲಿಲ್ಲ.

ಹಳೇ ಜಿನ್ನಿಗೆ ತಲುಪಿದಾಗ ಗೋಡೆ ಇರಲಿಲ್ಲ. ಪೂಜೆಯ ಮುಹೂರ್ತಕ್ಕೆ ಜಾಗ ಹಸನಾಗಿರಲಿ ಎಂದು ಬೆಳಕು ಹರಿಯುವ ಮೊದಲೇ ಜೆಸಿಬಿ ತಂದು ಮುಗಿಸಿದ್ದರು. ಮಣ್ಣಿನ ಗುಡ್ಡೆಯ ಮೇಲೆ ಸಾವಿರಾರು ಹುಳಗಳು, ಗೋಡೆಯಿದ್ದ ಎತ್ತರದಲ್ಲಿಯೇ, ಗಾಳಿಯಲ್ಲಿ ತೂತು ಹುಡುಕುತ್ತಿದ್ದವು. ಶಾಮಿಯಾನದ ಕೆಳಗಿದ್ದವರು ಕರವಸ್ತ್ರ ಬೀಸಿಕೊಳ್ಳುತ್ತ, ಏನು ನೊಣವಪ್ಪಾ ಇಲ್ಲಿ ಎಂದು ಗೊಣಗುತ್ತಿದ್ದರು.

ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೈಕು ಸಿಕ್ಕಿತು. ನೀಲಾ ಎಲ್ಲವನ್ನೂ ಹೇಳಿದಳು. ನಿಮ್ಮ ಅಂಕಿಯಲ್ಲಿರುವುದು ಜೇನಲ್ಲ, ಪುಟ್ಟಿ ಎಂದಳು. ನಿಯಮ ಬರೆದವಳು ನಾನು, ತಪ್ಪು ನನ್ನದು ಎಂದಳು. ನಿಜವಾದ ಜೇನಿದ್ದ ಗೋಡೆಯನ್ನು ಇವತ್ತು ಬೆಳಿಗ್ಗೆ ಕೆಡವಿದ್ದೀರಿ, ನಿಮ್ಮ ತಲೆಯ ಮೇಲೆ ಹಾರುತ್ತಿರುವುದು ನೊಣವಲ್ಲ ಎಂದಳು. ಆಮೇಲೆ ಗಲಗಲಿ ಎದ್ದು ಮೈಕು ತೆಗೆದುಕೊಂಡ.

"ನೋಡ್ರಿ, ಇಷ್ಟು ದೊಡ್ಡ ಕೆಲಸ ಮಾಡಿ ತಪ್ಪು ನಂದು ಅಂತಾರ. ದೊಡ್ಡವರ ಲಕ್ಷಣ ಇದು," ಎಂದ.

ಜನ ಚಪ್ಪಾಳೆ ತಟ್ಟಿದರು. ಅವನು ಬೇಕೆಂದೇ ಹಾಗೆ ಮಾಡಿದನೋ, ನಿಜವಾಗಿಯೂ ಹಾಗೆ ತಿಳಿದನೋ ನೀಲಾಗೆ ಕೊನೆಗೂ ಗೊತ್ತಾಗಲಿಲ್ಲ. ಹಾರವನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದು ಬಂದಳು. ದಾರಿಯುದ್ದಕ್ಕೂ ಆ ಏಳನ್ನೇ ನೆನೆಯುತ್ತಿದ್ದಳು. ಏಳು ಉಳಿದರೆ ಮುಂದಿನ ವರ್ಷಕ್ಕೆ ಎಪ್ಪತ್ತು. ಇಟ್ಟಿಗೆ ಸುಳ್ಳಲ್ಲ, ಇಷ್ಟು ಸಾಕು.

ಕಾಲೊನಿಯ ತಿರುವಿನಲ್ಲಿ ದಾವಲಸಾಬ ಏಣಿಯ ಮೇಲಿದ್ದ. ಒಂದು ಕೈಯಲ್ಲಿ ಪುಟ್ಟಿಯ ಬಾಣಲೆ, ಇನ್ನೊಂದರಲ್ಲಿ ಕರಣಿ. ತೆರೆದ ತೂತುಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದ. ನೀಲಾ ಮಂಡಳಿಯ ಕಾರು ನಿಲ್ಲಿಸಿ ಕೇಳಿದರೆ ಅವನು ಮೇಲಿನಿಂದಲೇ ಸಲಾಮು ಮಾಡಿದ. ಮೂರು ದಿನ ಮುಚ್ಚಿಟ್ಟು, ನಾಲ್ಕನೇ ದಿನ ತೆಗೆದರೆ ಮತ್ತೆ ನೀರು ಬರುತ್ತದಂತೆ, ಶಂಕ್ರಪ್ಪನವರು ಮನೆಮನೆಗೆ ಪಾಳಿ ಹಚ್ಚಿಕೊಟ್ಟಿದ್ದಾರೆ, ಅಕ್ಕಾವರ ತಲೆಯೇ ತಲೆ ಎಂದ. ಕಾರು ಅಲ್ಲೇ ಬಿಟ್ಟು ನೀಲಾ ಮನೆಗೆ ಓಡಿದಳು.

ಹಿತ್ತಲಲ್ಲಿ ಗುರುಬಸವ್ವ ಕಸಬರಿಗೆ ಹಿಡಿದು ಗೋಡೆಯ ಬುಡ ಗುಡಿಸುತ್ತಿದ್ದಳು. ಕಸದಲ್ಲಿ ಕರಿಮಣ್ಣಿನ ಚೂರುಗಳಿದ್ದವು, ಅರಿಸಿನದಂಥ ಪುಡಿಯಿತ್ತು, ಅದರ ನಡುವೆ ಅಕ್ಕಿಕಾಳಿನಂಥ ಬಿಳಿ ಹುಳಗಳು ಇನ್ನೂ ಮಿಸುಕುತ್ತಿದ್ದವು. ದಬ್ಬಣ ಸ್ಟೂಲಿನ ಮೇಲಿತ್ತು.

"ಶಂಕ್ರಪ್ಪ ಪುಟ್ಟಿ ಹಾಕಸ್ತೇನಂತ ಬಂದಿದ್ದನವಾ. ಬ್ಯಾಡ, ನನ್ನ ಸೊಸಿ ಸಿಟ್ಟಾಗ್ತಾಳ ಅಂತ ಹಚ್ಚಗೊಡ್ಲಿಲ್ಲ," ಎಂದಳು ಮುದುಕಿ, ಸೊಂಟಕ್ಕೆ ಕೈಯಿಟ್ಟು ನೆಟ್ಟಗಾಗುತ್ತ. "ಆದ್ರ ನೋಡು, ಏಳು ತೂತು ತಾವಾಗೇ ಮುಚ್ಚಿದ್ವು. ನೀ ಹೇಳಿದ್ದಿಲ್ಲಾ, ಮುಚ್ಚಿದ್ದು ಕಂಡ್ರ ತೆಗೀಬೇಕಂತ. ಎಲ್ಲಾ ತಗದೇನಿ."

ನೀಲಾಳ ಮುಖ ನೋಡಿ ಕಸಬರಿಗೆಯನ್ನು ಗೋಡೆಗೆ ಆನಿಸಿದಳು.

"ತಪ್ಪಾತೇನವಾ?"

ಯಾರನ್ನು ಬೈಯುವುದು? ಫೋನು ಟಿಣ್ ಎಂದಿತು. ಏಳು ಮರಿಗಳು ಹಾರಿವೆ, ಅಭಿನಂದನೆಗಳು.

"ಇಲ್ರಿ ಅತ್ತಿ," ಎಂದಳು. "ನಾ ಹೇಳಿದಂಗ ಮಾಡೀರಿ."

ಒಳಗೆ ಬಚ್ಚಲಲ್ಲಿ ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ಧಾರೆಯಾಗಿ ಸುರಿಯತೊಡಗಿತು. ಗುರುಬಸವ್ವ ಸೆರಗು ಸಿಕ್ಕಿಸಿಕೊಂಡು, ನೀರು ಬಂತು ನೋಡು ಎನ್ನುತ್ತ ಒಳಗೆ ನಡೆದಳು. ನೀಲಾ ಕಸದ ಮುಂದೆ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕುಳಿತಿದ್ದಳು. ನಂತರ ಎದ್ದು, ಎರಡನೆಯ ಕೊಡ ತೆಗೆದುಕೊಂಡು ಅತ್ತೆಯ ಹಿಂದೆ ಹೋದಳು.